ಅರ್ಜಿಯಲ್ಲಿ ಹಿಡಿಸದ ಕಥೆಗಳು

ಫ್ರಾನ್ಸಿನ ಸಮುದ್ರ ತೀರದ ಊರು ಅಂತೀಬ್. ಅಲ್ಲಿನ ಒಂದು ಫ್ಲ್ಯಾಟಿನಲ್ಲಿ ದಿವಾನಾ ಎಂಬ, ಆಫ್ರಿಕಾದ ಸೆನೆಗಲ್ ದೇಶದ ಹುಡುಗಿ ಮನೆಗೆಲಸಕ್ಕಿದ್ದಾಳೆ. ಮಕ್ಕಳನ್ನು ನೋಡಿಕೊಂಡರೆ ಸಾಕು ಎಂದುಕೊಂಡು ಬಂದವಳ ಮೇಲೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲವೂ ಬಿದ್ದಿದೆ. ಒಂದು ದಿನ ಅವಳ ಅಮ್ಮನ ಹೆಸರಲ್ಲಿ ಕಾಗದ ಬರುತ್ತದೆ. ದಿವಾನಾಗೆ ಓದಲು ಬರುವುದಿಲ್ಲ. ಯಜಮಾನನೇ ಓದಿ ಹೇಳುತ್ತಾನೆ. ಅವಳು ಸುಮ್ಮನೆ ಇರುವುದನ್ನು ಕಂಡು, ಅವಳ ಪರವಾಗಿ ಉತ್ತರವನ್ನೂ ತಾನೇ ಬರೆಯಲು ಕೂರುತ್ತಾನೆ. ಆಗ ದಿವಾನಾ ಕಾಗದ ಕಿತ್ತುಕೊಂಡು ಚೂರು ಚೂರು ಮಾಡುತ್ತಾಳೆ. ಅದು ಅಮ್ಮನ ಮಾತಲ್ಲ, ಬರೆಯಹೊರಟ ಉತ್ತರ ತನ್ನ ಮಾತೂ ಅಲ್ಲ ಅಂತ ಅವಳಿಗೆ ಗೊತ್ತು.

ಇದು ಸೆನೆಗಲ್ ದೇಶದ ನಿರ್ದೇಶಕ ಉಸ್ಮಾನ್ ಸೆಂಬೆನ್ 1966ರಲ್ಲಿ ಮಾಡಿದ 'ಬ್ಲ್ಯಾಕ್ ಗರ್ಲ್'. ಒಂದು ಗಂಟೆಯ ಕಪ್ಪು-ಬಿಳುಪು ಚಿತ್ರ. ಸೆಂಬೆನ್ ಸ್ವತಃ ಮಾರ್ಸೇ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೂಲಿಯಾಗಿ ದುಡಿದವರು. ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಸುದ್ದಿಯಿಂದ ಈ ಕಥೆ ಹುಟ್ಟಿತು. ಮನೆಗೆಲಸದ ಹೆಣ್ಣುಮಗಳೊಬ್ಬಳು ಪ್ರಾಣ ಕಳೆದುಕೊಂಡಳು ಎಂಬ ಸುದ್ದಿ. ಪತ್ರಿಕೆಗೆ ಅಷ್ಟು ಸಾಕಾಗಿತ್ತು. ಸೆಂಬೆನ್‌ಗೆ ಸಾಕಾಗಲಿಲ್ಲ. ಆ ಹುಡುಗಿ ಇಡೀ ದಿನ ಮನಸ್ಸಿನಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಳು ಅಂತ ಅವರು ಕೇಳಿಸಲು ಹೊರಟರು. ಮನೆಯವರ ಎದುರು ದಿವಾನಾ ಹೇಳುವುದು ಒಂದೋ ಎರಡೋ ಮಾತು. ಒಳಗೆ ಮಾತ್ರ ಅವಳ ಮಾತು ನಿಲ್ಲುವುದೇ ಇಲ್ಲ. ಬೈಯುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಊರನ್ನು ನೆನೆಯುತ್ತಾಳೆ, ಅಂಗಡಿಗಳಲ್ಲಿರುವ ಚೆಂದದ ಬಟ್ಟೆಗೆ ಆಸೆಪಡುತ್ತಾಳೆ.

ಆ ಆಸೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ದಿವಾನಾ ಫ್ರಾನ್ಸಿಗೆ ಹೊರಟಿದ್ದು ಜೀವ ಉಳಿಸಿಕೊಳ್ಳಲು ಅಲ್ಲ. ಫ್ರಾನ್ಸ್ ನೋಡಬೇಕು, ಒಳ್ಳೆಯ ಚಪ್ಪಲಿ, ಬಟ್ಟೆ ಹಾಕಿಕೊಂಡು ಓಡಾಡಬೇಕು ಎಂಬ ಖುಷಿಯಲ್ಲಿ ಹೊರಟವಳು. ವಲಸೆ ಹೋದವರ ಬಗ್ಗೆ ಮರುಕಪಡುವವರೂ ಈ ಖುಷಿಯನ್ನು ಅಷ್ಟಾಗಿ ಒಪ್ಪುವುದಿಲ್ಲ. ಕಷ್ಟ ಇದ್ದರೆ ಸರಿ, ಆಸೆ ಇದ್ದರೆ ತಪ್ಪು ಅನ್ನುವ ಹಾಗೆ.

ವಲಸೆ, ಗುರುತು, ಎಲ್ಲಿಗೆ ಸೇರಿದವರು ನಾವು ಎಂಬ ಪ್ರಶ್ನೆ. ಇವುಗಳ ಸುತ್ತ ಬಂದ ಸ್ವತಂತ್ರ ಚಿತ್ರಗಳನ್ನು, ಅಂದರೆ ದೊಡ್ಡ ಸ್ಟುಡಿಯೊಗಳ ಹೊರಗೆ ಕಡಿಮೆ ದುಡ್ಡಿನಲ್ಲಿ ಮಾಡಿದವನ್ನು, ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ನೋಡುತ್ತಾ ನೋಡುತ್ತಾ ಒಂದು ಮಾತು ನನಗೆ ಗಟ್ಟಿಯಾಗಿದೆ. ಊರು ಬಿಟ್ಟು ಬಂದವರು ತಮ್ಮ ಕಥೆಯನ್ನು ಹೇಳುತ್ತಲೇ ಇರಬೇಕು. ವೀಸಾ ಕೌಂಟರಿನಲ್ಲಿ ಹೇಳಬೇಕು, ಪೊಲೀಸರಿಗೆ ಹೇಳಬೇಕು, ಮನೆ ಬಾಡಿಗೆಗೆ ಕೊಡುವವರಿಗೆ ಹೇಳಬೇಕು. ಆಶ್ರಯ ಕೇಳಿ ಬಂದವರಾದರೆ ಒಬ್ಬ ಅಧಿಕಾರಿಯ ಮುಂದೆ ಕೂತು ಗಂಟೆಗಟ್ಟಲೆ ಹೇಳಬೇಕು. ಎಲ್ಲ ಕಡೆಯೂ ಪ್ರಶ್ನೆ ಒಂದೇ: ಯಾಕೆ ಬಂದೆ? ಒಳ್ಳೆಯ ಸಿನಿಮಾ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಏನನ್ನೋ ಕೇಳುತ್ತದೆ. ಕೆಟ್ಟ ಸಿನಿಮಾ ಅದೇ ಅಧಿಕಾರಿಯ ಕುರ್ಚಿಯಲ್ಲಿ ಕೂರುತ್ತದೆ, ಎಷ್ಟೇ ಕಣ್ಣೀರು ಹಾಕಿದರೂ.

ಅಧಿಕಾರಿಗೆ ಆ ಪ್ರಶ್ನೆ ಕೇಳದೆ ಗತಿಯಿಲ್ಲ, ನಿಜ. ನಿರಾಶ್ರಿತರಿಗೆ ಸಂಬಂಧಿಸಿದ 1951ರ ಒಪ್ಪಂದ ಐದು ಕಾರಣಗಳನ್ನು ಗುರುತಿಸುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ನಿಲುವು. ಇವುಗಳಲ್ಲಿ ಒಂದರಿಂದಾಗಿ ಕಿರುಕುಳಕ್ಕೆ ಗುರಿಯಾಗುವ ಭಯ ಇರಬೇಕು, ಆ ಭಯಕ್ಕೆ ಆಧಾರ ಇರಬೇಕು. ಹಸಿವು ಆ ಪಟ್ಟಿಯಲ್ಲಿಲ್ಲ. ಈ ಒಪ್ಪಂದ ಎಷ್ಟೋ ಜನರ ಜೀವ ಉಳಿಸಿದೆ, ಅದನ್ನು ಹಗುರವಾಗಿ ನೋಡುವುದು ತಪ್ಪು. ಆದರೆ ಮನುಷ್ಯರ ಬದುಕು ಐದು ಖಾನೆಗಳಲ್ಲಿ ಹಿಡಿಸುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರ ಕೊನೆಗೆ ಸುಮಾರು 12.3 ಕೋಟಿ ಜನ ಬಲವಂತವಾಗಿ ನೆಲೆ ಕಳೆದುಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ದೇಶದ ಗಡಿಯನ್ನೇ ದಾಟಿಲ್ಲ. ದುಡಿಮೆಗೆ, ಓದಿಗೆ, ಮದುವೆಯಾಗಿ ಹೋದವರು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಆಶ್ರಯದ ಅರ್ಜಿಗೆ ತಕ್ಕ ಕಥೆ ಹೇಗೆ ತಯಾರಾಗುತ್ತದೆ ಅಂತ ಫ್ರಾನ್ಸಿನ ನಿರ್ದೇಶಕ ಜಾಕ್ ಒಡಿಯಾರ್ ಅವರ 'ದೀಪನ್' (2015) ನೇರವಾಗಿ ತೋರಿಸುತ್ತದೆ. ಶ್ರೀಲಂಕಾದ ಯುದ್ಧ ಮುಗಿಯುವ ಹೊತ್ತು. ತಮಿಳು ಹೋರಾಟಗಾರನೊಬ್ಬ, ಪರಿಚಯವೇ ಇಲ್ಲದ ಒಬ್ಬ ಹೆಂಗಸು, ಅಪ್ಪ ಅಮ್ಮ ಇಲ್ಲದ ಒಂದು ಹುಡುಗಿ. ಸತ್ತುಹೋದ ಒಂದು ಕುಟುಂಬದ ಪಾಸ್‌ಪೋರ್ಟ್ ಹಿಡಿದು ಮೂವರೂ ಗಂಡ, ಹೆಂಡತಿ, ಮಗಳಾಗಿ ಫ್ರಾನ್ಸಿಗೆ ಬರುತ್ತಾರೆ. ಆಶ್ರಯದ ಸಂದರ್ಶನದಲ್ಲಿ, ದೀಪನ್ ಎಂಬ ಹೆಸರು ಹೊತ್ತ ಆ ಹೋರಾಟಗಾರ ಬಾಯಿಪಾಠ ಮಾಡಿಕೊಂಡ ಕಥೆ ಒಪ್ಪಿಸುತ್ತಾನೆ. ನಡುವೆ ಕೂತ ತಮಿಳು ದುಭಾಷಿಗೆ ಆ ಪಾಠ ಕೇಳಿ ಕೇಳಿ ಸಾಕಾಗಿದೆ. ಇನ್ನೊಂದು ಕಥೆ ಹೇಳು ಅಂತ ಅವನೇ ದಾರಿ ತೋರಿಸುತ್ತಾನೆ. ಅಧಿಕಾರಿಗೆ ಇಬ್ಬರೂ ಏನೋ ಮಾತಾಡಿಕೊಂಡಿದ್ದಷ್ಟೇ ಗೊತ್ತು. ದೀಪನ್ ಪಾತ್ರ ಮಾಡಿದ ಅಂತೋನಿದಾಸನ್ ಯೇಸುದಾಸನ್, ಶೋಭಾಶಕ್ತಿ ಎಂಬ ಹೆಸರಲ್ಲಿ ಬರೆಯುವ ತಮಿಳು ಲೇಖಕ. ಹದಿಹರೆಯದಲ್ಲಿ ಅವರೂ ಹೋರಾಟಕ್ಕೆ ಸೇರಿದ್ದವರು, ಆಮೇಲೆ ಫ್ರಾನ್ಸಿಗೆ ಬಂದು ನೆಲೆಸಿದವರು. ಸುಳ್ಳು ಸಂಸಾರ ನಿಧಾನವಾಗಿ ನಿಜವಾಗುವ ಭಾಗ ಬಹಳ ಚೆನ್ನಾಗಿದೆ. ಕೊನೆಯಲ್ಲಿ ಸಿನಿಮಾ ಬಂದೂಕು ಹಿಡಿದು ಓಡಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ ನಡೆಯುತ್ತಿದ್ದ ಕಥೆಗೆ ಗುಂಡಿನ ಸದ್ದು ಬೇಕಿರಲಿಲ್ಲ.

ಡೆನ್ಮಾರ್ಕಿನ ಜೋನಾಸ್ ಪೋಹರ್ ರಾಸ್ಮುಸೆನ್ ಮಾಡಿದ 'ಫ್ಲೀ' (2021) ಇದೇ ಮಾತನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಇದು ಸಾಕ್ಷ್ಯಚಿತ್ರ, ಆದರೆ ಬಹುಪಾಲು ಅನಿಮೇಷನ್. ಆಸ್ಕರ್‌ನಲ್ಲಿ ಸಾಕ್ಷ್ಯಚಿತ್ರ, ಅನಿಮೇಷನ್, ಅಂತಾರಾಷ್ಟ್ರೀಯ ಚಿತ್ರ ಹೀಗೆ ಮೂರೂ ವಿಭಾಗದಲ್ಲಿ ನಾಮನಿರ್ದೇಶನ ಪಡೆಯಿತು. ಅಮೀನ್ ಎಂಬ ಹೆಸರಲ್ಲಿ ನಾವು ಕಾಣುವ ವ್ಯಕ್ತಿ ನಿರ್ದೇಶಕರ ಹಳೆಯ ಸ್ನೇಹಿತ, ಶಾಲೆಯ ದಿನಗಳಿಂದ ಗೊತ್ತಿದ್ದವನು. ಅದು ಅವನ ನಿಜವಾದ ಹೆಸರಲ್ಲ. ಕಾಬೂಲಿನಿಂದ ಮಾಸ್ಕೋಗೆ, ಅಲ್ಲಿಂದ ಕಳ್ಳದಾರಿಯಲ್ಲಿ ಡೆನ್ಮಾರ್ಕಿಗೆ ಬಂದ ಹುಡುಗ. ದಾಟಿಸಿದವರು ಅವನಿಗೆ ಒಂದು ಕಥೆ ಕಲಿಸಿ ಕಳಿಸಿದ್ದರು: ಮನೆಯವರೆಲ್ಲ ಸತ್ತಿದ್ದಾರೆ ಅಂತ ಹೇಳಬೇಕು. ಅವನು ಹಾಗೇ ಹೇಳಿದ. ಆಶ್ರಯ ಸಿಕ್ಕಿತು. ಆಮೇಲೆ ಬದುಕಿರುವ ಅಮ್ಮನನ್ನು, ಅಕ್ಕಂದಿರನ್ನು, ಅಣ್ಣನನ್ನು ಎರಡು ದಶಕ ಯಾರೆದುರೂ ಬಾಯಿಬಿಟ್ಟು ಹೇಳಲಾಗದೆ ಬದುಕಿದ. ಪ್ರೀತಿಸಿದವನಿಗೂ ಹೇಳಿರಲಿಲ್ಲ.

ಒಮ್ಮೆ ಯೋಚಿಸಿ. ಉಳಿಯಲು ಜಾಗ ಸಿಗಬೇಕಾದರೆ ನಿಮ್ಮವರನ್ನು ಮಾತಿನಲ್ಲೇ ಸಾಯಿಸಬೇಕು. ಆಮೇಲೆ ಆ ಮಾತಿಗೆ ಜೀವನಪೂರ್ತಿ ಕಾವಲಿರಬೇಕು.

ಚಿತ್ರದಲ್ಲಿ ಅಮೀನ್ ಕಣ್ಣು ಮುಚ್ಚಿ ಮಲಗುತ್ತಾನೆ. ನಿರ್ದೇಶಕ ಸ್ನೇಹಿತ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳುತ್ತಾ ಹೋಗುತ್ತಾನೆ. ಅವನೂ ಪ್ರಶ್ನೆ ಕೇಳುವವನೇ. ಆದರೆ ಅವನಿಗೆ ಬೇಕಾಗಿರುವುದು ಪುರಾವೆ ಅಲ್ಲ. ಆಗ ಹೊರಬರುವ ನೆನಪುಗಳನ್ನು ನೋಡಿ. ಪುಟ್ಟ ಹುಡುಗ ಅಕ್ಕನ ನೈಟಿ ಹಾಕಿಕೊಂಡು, ಕಿವಿಗೆ ಗುಲಾಬಿ ಬಣ್ಣದ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಾಬೂಲಿನ ಬೀದಿಯಲ್ಲಿ ಓಡುತ್ತಾನೆ. ಗೋಡೆಯ ಪೋಸ್ಟರಿನಲ್ಲಿರುವ ಆ್ಯಕ್ಷನ್ ಹೀರೋ ತನಗೆ ಕಣ್ಣು ಹೊಡೆದ ಹಾಗೆ ಅವನಿಗೆ ಅನ್ನಿಸುತ್ತದೆ. ದೊಡ್ಡವನಾದ ಮೇಲೆ, ತನಗೆ ಗಂಡಸರ ಮೇಲೆ ಪ್ರೀತಿ ಅಂತ ಮನೆಯವರಿಗೆ ಹೇಳಿದಾಗ ಅಣ್ಣ ಏನೂ ಮಾತಾಡದೆ ಕಾರು ಹತ್ತಿಸುತ್ತಾನೆ. ಎಲ್ಲಿಗೆ ಅಂತ ಹೇಳುವುದಿಲ್ಲ. ಅಮೀನ್‌ಗೆ ಭಯ, ನಮಗೂ ಭಯ. ಕಾರು ನಿಲ್ಲುವುದು ಒಂದು ಗೇ ಕ್ಲಬ್ಬಿನ ಮುಂದೆ. ಅಣ್ಣ ಕೈಗೆ ದುಡ್ಡು ಕೊಟ್ಟು, ಹೋಗಿ ಖುಷಿಯಾಗಿರು ಅಂತಾನೆ. ನಮಗೆಲ್ಲ ಮೊದಲೇ ಗೊತ್ತಿತ್ತು ಅಂತಾನೆ. ಸತ್ತುಹೋದ ಅಂತ ಅಮೀನ್ ಸರ್ಕಾರಿ ಕಡತದಲ್ಲಿ ಬರೆಸಿದ್ದು ಈ ಅಣ್ಣನನ್ನೇ. ಎಲ್ಲ ವಲಸೆ ಚಿತ್ರಗಳಲ್ಲಿ ನಾನು ಕಂಡ ಅತಿ ಸಂತೋಷದ ದೃಶ್ಯ ಇದೇ ಇರಬೇಕು.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ಚಿಕ್ಕ ದೋಣಿಯಲ್ಲಿ ತುಂಬಿಕೊಂಡವರು ನಡುಸಮುದ್ರದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಆಗ ಬೆಟ್ಟದಷ್ಟು ದೊಡ್ಡ ಪ್ರವಾಸಿ ಹಡಗೊಂದು ಬರುತ್ತದೆ. ದೋಣಿಯಲ್ಲಿದ್ದವರು ಬದುಕಿದೆವು ಅಂತ ಕೂಗಾಡುತ್ತಾರೆ. ಹಡಗಿನ ಮೇಲಿನವರು ಸಾಲಾಗಿ ನಿಂತು ಫೋಟೊ ತೆಗೆಯುತ್ತಾರೆ. ಅಮೀನ್‌ಗೆ ಆಗ ಅನ್ನಿಸಿದ್ದು ನಾಚಿಕೆ. ಈ ದೃಶ್ಯ ನೋಡಿದ ಮೇಲೆ ವಲಸೆಯ ಬಗೆಗಿನ ಯಾವ ಚಿತ್ರವನ್ನು ನೋಡಿದರೂ ನಾನು ಮೊದಲು ಗಮನಿಸುವುದು ಕ್ಯಾಮೆರಾ ದೋಣಿಯಲ್ಲಿದೆಯೋ, ಹಡಗಿನ ಮೇಲಿದೆಯೋ ಎಂದು. ಅಮೀನ್‌ನ ಮುಖವನ್ನು ಈ ಚಿತ್ರ ಒಮ್ಮೆಯೂ ತೋರಿಸುವುದಿಲ್ಲ. ಚಿತ್ರ ಬರೆದು ಮುಖವನ್ನು ಕಾಪಾಡಿದೆ, ದನಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿದೆ.

ಸ್ವತಂತ್ರ ಚಿತ್ರಗಳಿಗೆ ಇದೆಲ್ಲ ಹೇಗೆ ಸಾಧ್ಯವಾಗುತ್ತದೆ? ಒಂದು ಕಾರಣ ದುಡ್ಡು, ಅಂದರೆ ದುಡ್ಡಿಲ್ಲದಿರುವುದು. ಬಿರುಗಾಳಿ, ಮುಳುಗುವ ಹಡಗು, ಸಾವಿರ ಜನರ ಗುಂಪು ಇವನ್ನೆಲ್ಲ ತೋರಿಸಲು ಕೋಟಿಗಟ್ಟಲೆ ಬೇಕು. ಕೈಯಲ್ಲಿ ಅಷ್ಟಿಲ್ಲದವರು ಒಂದು ಕೋಣೆಗೆ ಬರುತ್ತಾರೆ, ಮೆಟ್ಟಿಲಿಗೆ ಬರುತ್ತಾರೆ, ಮುಖದ ಹತ್ತಿರ ಬರುತ್ತಾರೆ. ಬಂದವರ ಬದುಕು ನಡೆಯುವುದೂ ಬಹುಪಾಲು ಅಲ್ಲೇ ಅಲ್ವಾ? ದಾರಿ ಕೆಲವು ವಾರವೋ, ತಿಂಗಳೋ. ಮೆಟ್ಟಿಲ ಮೇಲೆ ಅಕ್ಕಪಕ್ಕದವರನ್ನು ದಾಟಿ ಹೋಗುವುದು ವರ್ಷಗಟ್ಟಲೆ.

ಮೆಟ್ಟಿಲು ಎಂದಾಗ ನನಗೆ ನೆನಪಾಗುವುದು ಜರ್ಮನಿಯ ಫಾಸ್‌ಬೈಂಡರ್ ಮಾಡಿದ 'ಅಲಿ: ಫಿಯರ್ ಈಟ್ಸ್ ದ ಸೋಲ್' (1974). ಎರಡು ಚಿತ್ರಗಳ ನಡುವೆ ಬಿಡುವು ಸಿಕ್ಕಿತು ಅಂತ ಸುಮಾರು 15 ದಿನದಲ್ಲಿ ಶೂಟಿಂಗ್ ಮುಗಿಸಿದ ಚಿತ್ರ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿ ಜೊತೆ, 1961ರಲ್ಲಿ ಟರ್ಕಿ ಜೊತೆ, 1963ರಲ್ಲಿ ಮೊರಾಕ್ಕೊ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. 1973ರ ನವೆಂಬರಿನಲ್ಲಿ ಸಾಕು ಅಂತ ನಿಲ್ಲಿಸಿತು. ಸರಿಯಾಗಿ ಆ ಹೊತ್ತಿನ ಚಿತ್ರ ಇದು. ಅರವತ್ತು ದಾಟಿದ ಎಮ್ಮಿ ಕಸ ಗುಡಿಸುವ ಕೆಲಸದವಳು, ಗಂಡ ಸತ್ತಿದ್ದಾನೆ, ಮಕ್ಕಳು ದೂರ. ಅವಳಿಗಿಂತ ಎಷ್ಟೋ ಚಿಕ್ಕವನಾದ ಮೊರಾಕ್ಕೊದ ಮೆಕ್ಯಾನಿಕ್ ಒಬ್ಬನ ಪರಿಚಯವಾಗುತ್ತದೆ. ಇಬ್ಬರೂ ಮದುವೆಯಾಗುತ್ತಾರೆ. ಅವನ ನಿಜವಾದ ಹೆಸರು ಉದ್ದವಾದದ್ದು. ಯಾರಿಗೂ ಅದು ಬೇಕಾಗಿಲ್ಲ, ಎಲ್ಲರೂ ಅಲಿ ಅಂತಾರೆ.

ನೆರೆಹೊರೆಯವರು ಮಾತು ಬಿಡುತ್ತಾರೆ. ಮಗ ಸಿಟ್ಟಿನಲ್ಲಿ ಟಿವಿ ಒದ್ದು ಒಡೆಯುತ್ತಾನೆ. ಜೊತೆಗೆ ಕೆಲಸ ಮಾಡುವ ಹೆಂಗಸರು ಎಮ್ಮಿಯನ್ನು ಬಿಟ್ಟು ಬೇರೆ ಕೂತು ತಿನ್ನುತ್ತಾರೆ. ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುವುದನ್ನು ಕ್ಯಾಮೆರಾ ಕಂಬಿಗಳ ಸಂದಿಯಿಂದ ನೋಡುತ್ತದೆ. ಇಷ್ಟಕ್ಕೇ ನಿಂತಿದ್ದರೆ ಇದು ಒಳ್ಳೆಯವರ ಮತ್ತು ಕೆಟ್ಟವರ ಕಥೆ ಆಗುತ್ತಿತ್ತು. ಫಾಸ್‌ಬೈಂಡರ್ ನಿಲ್ಲಿಸುವುದಿಲ್ಲ. ಎಮ್ಮಿ ಮತ್ತು ಅಲಿ ಸ್ವಲ್ಪ ದಿನ ಪ್ರವಾಸ ಹೋಗಿ ಬರುವ ಹೊತ್ತಿಗೆ ಎಲ್ಲರ ದನಿಯೂ ಮೆತ್ತಗಾಗಿದೆ. ಅಂಗಡಿಯವನಿಗೆ ಗಿರಾಕಿ ಬೇಕು, ಮಗನಿಗೆ ಮಗುವನ್ನು ನೋಡಿಕೊಳ್ಳುವವರು ಬೇಕು, ಪಕ್ಕದ ಮನೆಯವರಿಗೆ ಸಾಮಾನು ಎತ್ತಿಡುವ ಗಟ್ಟಿ ತೋಳು ಬೇಕು. ಎಮ್ಮಿಗೆ ಮತ್ತೆ ಸೇರಿಸಿಕೊಂಡರಲ್ಲ ಎಂಬ ಖುಷಿ. ಆ ಖುಷಿಯಲ್ಲಿ ಅವಳು ಗೆಳತಿಯರನ್ನು ಮನೆಗೆ ಕರೆದು, ಗಂಡನ ತೋಳು ಮುಟ್ಟಿ ನೋಡಿ, ಎಷ್ಟು ಗಟ್ಟಿ ಇದೆ ಅಂತ ತೋರಿಸುತ್ತಾಳೆ. ಅವರು ಅವನ ಸುತ್ತ ಓಡಾಡಿ ತೋಳು ಹಿಸುಕುತ್ತಾರೆ, ಚರ್ಮ ಎಷ್ಟು ನಯವಾಗಿದೆ ಅನ್ನುತ್ತಾರೆ. ಅಲಿ ಏನೂ ಮಾತಾಡದೆ ಎದ್ದು ಹೋಗುತ್ತಾನೆ. ಯಾಕೆ ಮುನಿಸಿಕೊಂಡ ಅಂತ ಎಮ್ಮಿಗೆ ಅರ್ಥವೇ ಆಗುವುದಿಲ್ಲ.

ಇನ್ನೂ ಇದೆ. ಕೆಲಸದ ಜಾಗಕ್ಕೆ ಯುಗೊಸ್ಲಾವಿಯಾದಿಂದ ಬಂದ ಯೋಲಾಂಡಾ ಎಂಬ ಹೊಸ ಹೆಂಗಸು ಸೇರುತ್ತಾಳೆ. ಅವಳಿಗೆ ಕಡಿಮೆ ಸಂಬಳ. ಈಗ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುವವಳು ಅವಳು. ಅದೇ ಕಂಬಿ, ಅದೇ ಸಂದಿ, ಅದೇ ನೋಟ. ಎಮ್ಮಿ ಈ ಕಡೆಯ ಗುಂಪಿನಲ್ಲಿ ಕೂತಿದ್ದಾಳೆ. ಎಮ್ಮಿಗೆ ಗಂಡನಿಂದ ಬಂದ ಮನೆತನದ ಹೆಸರು ಕುರೋವ್‌ಸ್ಕಿ, ಪೋಲೆಂಡ್ ಮೂಲದ್ದು. ಇವಳೇನು ಅಪ್ಪಟ ಜರ್ಮನ್‌ಳಾ ಅಂತ ನೆರೆಯವರು ಹಿಂದಿನಿಂದ ಆಡಿಕೊಂಡಿದ್ದೂ ನಮಗೆ ಗೊತ್ತಿದೆ. ನಮ್ಮನ್ನು ಒಳಗೆ ಬಿಟ್ಟುಕೊಂಡರು ಅಂದ ಕೂಡಲೇ ಬಾಗಿಲ ಚಿಲಕ ಹಾಕುವ ಕೆಲಸಕ್ಕೆ ನಾವೇ ನಿಲ್ಲುತ್ತೇವೆ. ಇದನ್ನು ಇಷ್ಟು ಪ್ರೀತಿಯಿಂದ, ಇಷ್ಟು ನಿರ್ದಯವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಸಿಕ್ಕಿಲ್ಲ. ಎಮ್ಮಿಯನ್ನು ಮಾಡಿದ ಬ್ರಿಗಿಟೆ ಮೀರಾ ಮುಖದಲ್ಲಿ ಎಷ್ಟು ಅಕ್ಕರೆ ಇದೆ ಎಂದರೆ ಅವಳ ತಪ್ಪನ್ನು ಕಂಡೂ ಅವಳನ್ನು ದ್ವೇಷಿಸಲು ಆಗುವುದಿಲ್ಲ.

ಅಲಿ ಕೊನೆಗೆ ಕುಸಿದು ಬೀಳುತ್ತಾನೆ. ಹೊಟ್ಟೆಯಲ್ಲಿ ಹುಣ್ಣು. ಹೊರದೇಶದ ಕೆಲಸಗಾರರಲ್ಲಿ ಇದು ಮಾಮೂಲಿ ಅಂತ ಡಾಕ್ಟರ್ ಹೇಳುತ್ತಾನೆ. ಆಪರೇಷನ್ ಮಾಡಿದರೂ ಆರು ತಿಂಗಳಿಗೆ ಮತ್ತೆ ಬರುತ್ತಾನೆ ಅಂತಾನೆ. ಅರ್ಜಿಯ ಯಾವ ಖಾನೆಯಲ್ಲೂ ಬರೆಯಲಾಗದ ಸಂಗತಿ ಹೀಗೆ ಹೊಟ್ಟೆಯಲ್ಲಿ ಕೂತಿರುತ್ತದೆ.

ಇಂಥ ಚಿತ್ರಗಳನ್ನು ನಾನು ಎರಡನೇ ಸಲ ನೋಡುವಾಗ ಸ್ವಲ್ಪ ಹೊತ್ತು ಸಬ್‌ಟೈಟಲ್ ತೆಗೆದು ಬರೀ ಕೇಳುತ್ತೇನೆ. ಭಾಷೆ ಗೊತ್ತಿಲ್ಲದ ಊರಿನಲ್ಲಿ ಮೊದಲ ದಿನಗಳು ಹೀಗೇ ಇರಬೇಕು. ಯಾರು ಸಿಟ್ಟಾಗಿದ್ದಾರೆ, ಯಾರು ತಮಾಷೆ ಮಾಡುತ್ತಿದ್ದಾರೆ, ಮಾತು ನನ್ನ ಬಗ್ಗೆಯೇ ಏನು ಅಂತ ದನಿಯಲ್ಲೇ ಊಹಿಸಬೇಕು. ಕೇಳಲೆಂದೇ ಮಾಡಿದ ಒಂದು ಚಿತ್ರವೂ ಇದೆ, ಷಾಂಟಾಲ್ ಅಕರ್ಮನ್ ಅವರ 'ನ್ಯೂಸ್ ಫ್ರಮ್ ಹೋಮ್'. ಅಕರ್ಮನ್ ಇಪ್ಪತ್ತರ ಆಸುಪಾಸಿನಲ್ಲಿ ಬೆಲ್ಜಿಯಂ ಬಿಟ್ಟು ನ್ಯೂಯಾರ್ಕಿಗೆ ಹೋಗಿದ್ದರು. ಆಗ ಬ್ರಸೆಲ್ಸ್‌ನಿಂದ ಅಮ್ಮ ಬರೆದ ಕಾಗದಗಳನ್ನು ಕೆಲವು ವರ್ಷಗಳ ನಂತರ ಈ ಚಿತ್ರದಲ್ಲಿ ತಾವೇ ಓದುತ್ತಾರೆ. ತೆರೆಯ ಮೇಲೆ ನ್ಯೂಯಾರ್ಕ್ ಮಾತ್ರ. ಖಾಲಿ ಬೀದಿ, ಸಬ್‌ವೇ, ಮುಖ ತಿರುಗಿಸಿಕೊಳ್ಳುವ ಪ್ರಯಾಣಿಕರು. ಅಮ್ಮನ ಕಾಗದದಲ್ಲಿ ದೊಡ್ಡ ಸಂಗತಿ ಏನೂ ಇಲ್ಲ. ಯಾರಿಗೆ ಹುಷಾರಿಲ್ಲ, ಯಾರ ಹುಟ್ಟುಹಬ್ಬ, ಸ್ವಲ್ಪ ದುಡ್ಡು ಕಳಿಸಿದ್ದೇನೆ, ಯಾಕೆ ಬರೆಯುತ್ತಿಲ್ಲ, ಬೇಗ ಬರಿ. ಓದುತ್ತಿರುವಾಗಲೇ ರೈಲು ಬಂದು ಸದ್ದು ಮಾಡುತ್ತದೆ, ಅಮ್ಮನ ಮಾತು ಅರ್ಧಕ್ಕೇ ಮುಚ್ಚಿಹೋಗುತ್ತದೆ. ಮಗಳು ಬರೆದ ಉತ್ತರ ಒಂದೂ ನಮಗೆ ಕೇಳಿಸುವುದಿಲ್ಲ. ಆ ತಾಯಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಿಂದ ಬದುಕಿ ಬಂದವರು. ಚಿತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಗೊತ್ತಿದ್ದು ನೋಡಿದರೆ, ಬೇಗ ಬರಿ ಎಂಬ ಮಾತು ಬೇರೆಯೇ ತೂಕದಲ್ಲಿ ಕೇಳುತ್ತದೆ.

ಕಾಯುವುದನ್ನು ತೋರಿಸುವುದು ಸಿನಿಮಾಕ್ಕೆ ಕಷ್ಟ, ಪ್ರೇಕ್ಷಕ ಎದ್ದು ಹೋಗುತ್ತಾನೆ. ಬೆನ್ ಶಾರಾಕ್ ಅವರ 'ಲಿಂಬೊ' (2020) ಆ ಧೈರ್ಯ ಮಾಡಿದೆ. ಸ್ಕಾಟ್ಲೆಂಡಿನ ಒಂದು ದ್ವೀಪ, ಆಶ್ರಯದ ಉತ್ತರಕ್ಕೆ ಕಾಯುವ ನಾಲ್ವರು, ಬಯಲಿನಲ್ಲಿ ಒಂದೇ ಒಂದು ಟೆಲಿಫೋನ್ ಬೂತ್. ಅಂಚೆಯ ಗಾಡಿ ಬಂದರೆ ಎಲ್ಲರ ಕತ್ತೂ ಆ ಕಡೆ. ಸಿರಿಯಾದ ಒಮರ್, ಅರಬರ ತಂತಿವಾದ್ಯ ಊದ್ ನುಡಿಸುವವನು. ಹೋದಲ್ಲೆಲ್ಲ ವಾದ್ಯದ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾನೆ, ನುಡಿಸುವುದಿಲ್ಲ. ಜೊತೆಗಿರುವ ಫರ್ಹಾದ್ ಎಲ್ಲಿಂದಲೋ ಒಂದು ಕೋಳಿ ತಂದು ಸಾಕಿಕೊಳ್ಳುತ್ತಾನೆ. ನಗು ಬರುವ ಚಿತ್ರ ಇದು, ಮತ್ತು ಆ ನಗು ಅವರದೇ.

ಎಲ್ಲಿಗೂ ಹೋಗದೆ ಪರಕೀಯರಾದವರ ಕಥೆಗಳೂ ಇದೇ ಸಾಲಿಗೆ ಸೇರುತ್ತವೆ. ಎಂ. ಎಸ್. ಸತ್ಯು ಅವರ 'ಗರ್ಮ್ ಹವಾ' ದೇಶ ವಿಭಜನೆಯ ನಂತರದ ಆಗ್ರಾದಲ್ಲಿ ನಡೆಯುತ್ತದೆ. ಬೂಟು ತಯಾರಿಸುವ ಸಲೀಂ ಮಿರ್ಜಾ ಅಲ್ಲೇ ಹುಟ್ಟಿ ಅಲ್ಲೇ ಇರುವವನು. ಅಣ್ಣ ಪಾಕಿಸ್ತಾನಕ್ಕೆ ಹೋಗಿದ್ದರಿಂದ ಮನೆ ಕೈತಪ್ಪುತ್ತದೆ. ನೀನೂ ನಾಳೆ ಹೋಗುವವನೇ ಅಂತ ಸಾಲ ಸಿಗುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ. ಮಿರ್ಜಾನ ಮುದಿ ತಾಯಿ ಹವೇಲಿ ಬಿಡಲು ಒಪ್ಪದೆ ಸೌದೆ ಇಡುವ ಜಾಗದಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ. ಕೊನೆಗಾಲದಲ್ಲಿ ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಅದೇ ಮನೆಗೆ ಹೊತ್ತು ತರುತ್ತಾರೆ. ಬಂದ ಮನೆಯಲ್ಲೇ ಅವಳು ಜೀವ ಬಿಡುತ್ತಾಳೆ. ಮಿರ್ಜಾ ಆಗಿ ನಟಿಸಿದ ಬಲರಾಜ್ ಸಾಹ್ನಿ ತಮ್ಮ ಮಾತುಗಳ ಡಬ್ಬಿಂಗ್ ಮುಗಿಸಿದ ಬೆನ್ನಲ್ಲೇ, 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಚಿತ್ರದಲ್ಲಿ ಅವರು ಕೂಗಾಡುವುದು ಬಹಳ ಕಡಿಮೆ. ಒಂದೊಂದು ಅವಮಾನಕ್ಕೂ ಅವರ ನಡಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಅಷ್ಟೆ.

ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಎರಡನೇ ದೊಡ್ಡ ಬಹುಮಾನ ಗ್ರ್ಯಾಂಡ್ ಪ್ರಿ ಪಡೆದಾಗ ಎಲ್ಲರೂ ಬೆಳಕಿನ ಬಗ್ಗೆ, ಮುಂಬೈ ಮಳೆಯ ಬಗ್ಗೆ ಬರೆದರು. ನನಗೆ ಹಿಡಿದದ್ದು ಪಾರ್ವತಿ ಎಂಬ ಆಸ್ಪತ್ರೆಯ ಅಡುಗೆಯಾಕೆ. ಎಷ್ಟೋ ವರ್ಷದಿಂದ ಅದೇ ಮನೆಯಲ್ಲಿದ್ದಾಳೆ. ಬಿಲ್ಡರ್ ಕೆಡವಲು ಬಂದಾಗ ತಾನು ಅಲ್ಲಿದ್ದೆ ಎಂದು ತೋರಿಸಲು ಅವಳ ಬಳಿ ಒಂದು ಕಾಗದವೂ ಇಲ್ಲ. ಕಾಗದವಿಲ್ಲದೆ ಹೋದರೆ ನಾನು ಇದ್ದದ್ದೇ ಸುಳ್ಳಾ ಎಂಬ ಸಂಕಟ ಅವಳದು. ಅವಳೂ ನರ್ಸ್ ಪ್ರಭಾಳೂ ರಾತ್ರಿ ಹೋಗಿ ಬಿಲ್ಡರ್‌ನ ಜಾಹೀರಾತು ಫಲಕಕ್ಕೆ ಕಲ್ಲು ಹೊಡೆದು ನಗುತ್ತಾ ಓಡುತ್ತಾರೆ. ಅದರಿಂದ ಮನೆ ಉಳಿಯುವುದಿಲ್ಲ. ಆದರೂ ಆ ಕಲ್ಲು ಬಿದ್ದಾಗ ನನಗೆ ಹಾಯೆನಿಸಿತು.

ಮಾಟಿ ಡಿಯೋಪ್ ಅವರ 'ಅಟ್ಲಾಂಟಿಕ್ಸ್' (2019) ಹೋದವರನ್ನು ಬಿಟ್ಟು ಉಳಿದವರ ಜೊತೆ ನಿಲ್ಲುತ್ತದೆ. ನಡೆಯುವುದು ಸೆನೆಗಲ್ ರಾಜಧಾನಿಯಲ್ಲಿ. ಡಾಕರ್‌ನಲ್ಲಿ ಗೋಪುರ ಕಟ್ಟುವ ಹುಡುಗರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ. ರೋಸಿಹೋಗಿ ದೋಣಿ ಹತ್ತುತ್ತಾರೆ, ಸಮುದ್ರದಲ್ಲಿ ಮುಳುಗುತ್ತಾರೆ. ಆಮೇಲೆ ರಾತ್ರಿ ಹೊತ್ತು ಅವರು ಊರಿನ ಹುಡುಗಿಯರ ಮೈಮೇಲೆ ಬಂದು, ಯಜಮಾನನ ಮನೆಗೆ ಹೋಗಿ ಬಾಕಿ ಸಂಬಳ ಕೇಳುತ್ತಾರೆ. ಅವನ ಕೈಯಲ್ಲೇ ಗೋರಿ ತೋಡಿಸುತ್ತಾರೆ. ದೋಣಿ ಮುಳುಗುವುದನ್ನು ಈ ಚಿತ್ರ ತೋರಿಸುವುದೇ ಇಲ್ಲ. ಸತ್ತವರನ್ನು ಕಂಡು ಮರುಗಿ ಎಂದೂ ಕೇಳುವುದಿಲ್ಲ. ಲೆಕ್ಕ ಚುಕ್ತಾ ಮಾಡಿ ಅನ್ನುತ್ತದೆ.

ಇಲ್ಲಿ ಉತ್ಸವಗಳ ಬಗ್ಗೆ ಒಂದು ಮಾತು ಹೇಳಬೇಕು. ವಲಸೆಯ ಚಿತ್ರಗಳಿಗೆ ದೊಡ್ಡ ಬಹುಮಾನಗಳು ಬಂದಿವೆ. 'ದೀಪನ್'ಗೆ ಕಾನ್‌ನ ಅತಿ ದೊಡ್ಡ ಬಹುಮಾನ ಪಾಮ್ ದೋರ್, ಮೈಕೆಲ್ ವಿಂಟರ್‌ಬಾಟಮ್ ಅವರ 'ಇನ್ ದಿಸ್ ವರ್ಲ್ಡ್'ಗೆ 2003ರಲ್ಲಿ, ಜಾನ್‌ಫ್ರಾಂಕೊ ರೋಸಿ ಅವರ 'ಫೈರ್ ಅಟ್ ಸೀ'ಗೆ 2016ರಲ್ಲಿ ಬರ್ಲಿನ್‌ನ ಅತಿ ದೊಡ್ಡ ಬಹುಮಾನ ಗೋಲ್ಡನ್ ಬೇರ್. ಬಹುಮಾನ ಬಂದರೆ ಚಿತ್ರ ಜನರಿಗೆ ತಲುಪುತ್ತದೆ, ಒಳ್ಳೆಯದು. ಆದರೆ ಎಂಥ ಕಥೆಗೆ ಬಹುಮಾನ, ಎಂಥ ಕಥೆಗೆ ಹಣ ಎಂಬುದು ಗೊತ್ತಾದ ಮೇಲೆ ಸಿನಿಮಾ ಮಾಡುವವರೂ ಅರ್ಜಿ ಬರೆಯುವವರ ಹಾಗೆ ಆಗುವ ಅಪಾಯವಿದೆ. ನಿನ್ನ ಕಷ್ಟ ತೋರಿಸು, ಆಮೇಲೆ ನೋಡೋಣ. 'ಫೈರ್ ಅಟ್ ಸೀ' ವಲಸಿಗರ ದೋಣಿಗಳು ಬಂದು ಸೇರುವ ಇಟಲಿಯ ಲಂಪೆದೂಸಾ ದ್ವೀಪದ ಚಿತ್ರ. ಅಲ್ಲಿನ ಒಬ್ಬ ಪುಟ್ಟ ಹುಡುಗನಿಗೆ ಹೆಸರಿದೆ, ಆಟವಿದೆ, ಕಣ್ಣಿನ ತೊಂದರೆ ಇದೆ, ಅಜ್ಜಿ ಇದ್ದಾಳೆ. ಸಮುದ್ರದಿಂದ ಎತ್ತಿ ತಂದವರಿಗೆ ಹೆಸರಿಲ್ಲ. ಕೊನೆಯಲ್ಲಿ ಕ್ಯಾಮೆರಾ ಹಡಗಿನ ತಳಕ್ಕಿಳಿದು ಅಲ್ಲಿ ಬಿದ್ದ ಶವಗಳನ್ನು ನೋಡುತ್ತದೆ. ಜಗತ್ತು ನೋಡಲೇಬೇಕಿತ್ತು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ಆ ದೃಶ್ಯವನ್ನು ನಾನು ಒಪ್ಪಲಾರೆ. ಆ ಶವಗಳಿಗೂ ಎಲ್ಲೋ ಒಬ್ಬ ಅಮ್ಮ ಇರುತ್ತಾಳೆ.

ಇದಕ್ಕೆ ಎದುರಾಗಿ ನಾನು ಇಡುವುದು ಅಫ್ಗಾನಿಸ್ತಾನದ ಹಸನ್ ಫಾಜಿಲಿ ಅವರ 'ಮಿಡ್‌ನೈಟ್ ಟ್ರಾವೆಲರ್' (2019). ತಾಲಿಬಾನ್ ತಲೆಗೆ ಬೆಲೆ ಕಟ್ಟಿದ್ದರಿಂದ ಈ ನಿರ್ದೇಶಕ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಯುರೋಪಿನ ಕಡೆಗೆ ಹೊರಟರು. ಮೂರು ಮೊಬೈಲ್ ಫೋನಿನಲ್ಲಿ ಇಡೀ ಚಿತ್ರ ತೆಗೆದರು. ಹೆಂಡತಿಯೂ ಸಿನಿಮಾದವರೇ, ಮಕ್ಕಳೂ ಆಗಾಗ ಫೋನು ಹಿಡಿಯುತ್ತಾರೆ. ಕಾಡು, ಕ್ಯಾಂಪು, ಗಡಿ ಎಲ್ಲ ಇದೆ. ಅದರ ನಡುವೆ ಗಂಡ ಹೆಂಡತಿ ಜಗಳವಾಡುತ್ತಾರೆ. ದೊಡ್ಡ ಮಗಳು ಹಾಡು ಹಾಕಿಕೊಂಡು ಕುಣಿಯುತ್ತಾಳೆ. ಇನ್ನೊಂದು ದಿನ ಅದೇ ಹುಡುಗಿ, ಬೋರ್ ಆಗುತ್ತಿದೆ ಅಂತ ಅಳುತ್ತಾಳೆ. ಭಯ, ಹಸಿವು ಎರಡನ್ನೂ ಕಂಡ ಮಗು ಅದು. ಅತ್ತಿದ್ದು ಬೋರ್ ಆದದ್ದಕ್ಕೆ.

ಒಂದು ಸಂಜೆ ಚಿಕ್ಕವಳು ಕಾಣೆಯಾಗುತ್ತಾಳೆ. ತಂದೆ ಹುಡುಕುತ್ತಾ ಹೋಗುವಾಗ ಒಂದು ಕ್ಷಣ ತಲೆಯಲ್ಲಿ ಬರುವುದು, ಇದು ಎಂಥ ದೃಶ್ಯವಾಗುತ್ತದೆ, ಫೋನು ಆನ್ ಮಾಡಲಾ ಎಂಬ ಯೋಚನೆ. ಮರುಕ್ಷಣ ತನ್ನ ಮೇಲೆ, ಸಿನಿಮಾದ ಮೇಲೆ ಅಸಹ್ಯ ಹುಟ್ಟುತ್ತದೆ. ಮಗು ಸಿಗುತ್ತದೆ. ಅವರು ಅದನ್ನು ಚಿತ್ರಿಸಿಲ್ಲ. ಇದನ್ನು ನಮಗೆ ದನಿಯಲ್ಲಿ ಮಾತ್ರ ಹೇಳುತ್ತಾರೆ.

ಮೊದಲು ಯಾವುದು ನೋಡಲಿ ಅಂತ ಕೇಳಿದರೆ, ಕಪ್ಪು-ಬಿಳುಪು ತೊಂದರೆ ಇಲ್ಲದವರು 'ಬ್ಲ್ಯಾಕ್ ಗರ್ಲ್'ನಿಂದ ಶುರು ಮಾಡಿ, ಒಂದೇ ಗಂಟೆ. ಮನೆಯವರ ಜೊತೆ ಕೂತು ನೋಡುವುದಾದರೆ 'ಗರ್ಮ್ ಹವಾ'. ಒಬ್ಬರೇ ಇರುವ ದಿನ 'ನ್ಯೂಸ್ ಫ್ರಮ್ ಹೋಮ್' ಹಾಕಿ, ಸದ್ದು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಇವು ಹಾಡು, ಹೊಡೆದಾಟ ಇಲ್ಲದ ನಿಧಾನದ ಚಿತ್ರಗಳು, ಮೊಬೈಲ್ ಪಕ್ಕಕ್ಕಿಟ್ಟು ನೋಡಬೇಕು. 'ಮಿಡ್‌ನೈಟ್ ಟ್ರಾವೆಲರ್' ಕೊನೆಗೆ ನೋಡಿ. ಮತ್ತು ದಯವಿಟ್ಟು ಆ ಹುಡುಗಿ ಕುಣಿಯುವ ಜಾಗವನ್ನು ಓಡಿಸಿಬಿಡಬೇಡಿ.